ಟೈಟಲ್ ಒನ್ ಶಾಲೆಯ ಪೋಷಕ–ಕುಟುಂಬ ನೀತಿ: ಆ ಕಾಗದದಲ್ಲಿ ಏನಿರಬೇಕು, ನಾವು ಏನನ್ನು ಕೇಳಿ ಪಡೆಯಬಹುದು

ಮಲೆನಾಡು_ಡಲ್ಲಾಸ್

ಶಾಲೆ ಶುರುವಾದ ಮೊದಲ ವಾರಗಳಲ್ಲಿ ಮಕ್ಕಳ ಫೋಲ್ಡರಿನಲ್ಲಿ ಕಾಗದದ ಕಟ್ಟೇ ಬರುತ್ತದೆ. ಅದರಲ್ಲಿ ‘ಟೈಟಲ್ ಒನ್’ ಎಂದು ಬರೆದದ್ದು ಕಂಡರೆ ದಯವಿಟ್ಟು ಬೇರೆ ತೆಗೆದಿಡಿ. ಊಟದ ಮೆನು, ಫೋಟೋ ಆರ್ಡರಿನ ಜೊತೆ ಅದೂ ರದ್ದಿಗೆ ಹೋಗುವುದೇ ಹೆಚ್ಚು. ಅಮೆರಿಕದಲ್ಲಿ ಫೆಡರಲ್ ಹಣ ಪಡೆಯುವ ಶಾಲೆಗಳಲ್ಲಿ ಪೋಷಕರಿಗಿರುವ ಹಕ್ಕುಗಳ ಬಹುಪಾಲು ಆ ಕಾಗದದಲ್ಲೇ ಇರುತ್ತದೆ. ಈ ವೇದಿಕೆಯಲ್ಲಿ ಇದರ ಬಗ್ಗೆ ಬಿಡಿಬಿಡಿಯಾಗಿ ಪ್ರಶ್ನೆ ಬರುತ್ತಿರುವುದರಿಂದ ಎಲ್ಲವನ್ನೂ ಒಂದೇ ಕಡೆ ಬರೆಯೋಣ. ಗೊತ್ತಿದ್ದವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಟೈಟಲ್ ಒನ್ ಎಂದರೆ 1965ರ ಎಲಿಮೆಂಟರಿ ಅಂಡ್ ಸೆಕೆಂಡರಿ ಎಜುಕೇಶನ್ ಕಾಯಿದೆಯ ಮೊದಲ ಭಾಗ. ಕಡಿಮೆ ಆದಾಯದ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಫೆಡರಲ್ ಸರ್ಕಾರ ರಾಜ್ಯ ಮತ್ತು ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಮೂಲಕ ಕಳಿಸುವ ಹೆಚ್ಚುವರಿ ಹಣ ಇದು. ಶಾಲೆಯಲ್ಲಿ ಅಂಥ ಮಕ್ಕಳು ಶೇ. 40 ಅಥವಾ ಹೆಚ್ಚಿದ್ದರೆ ಹಣವನ್ನು ಇಡೀ ಶಾಲೆಗೆ ಅನ್ವಯಿಸಬಹುದು, ಅದಕ್ಕೆ ‘ಸ್ಕೂಲ್‌ವೈಡ್’ ಎನ್ನುತ್ತಾರೆ. ಅಷ್ಟಿಲ್ಲದ ಕಡೆ ಸಾಮಾನ್ಯವಾಗಿ ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗಷ್ಟೇ ಖರ್ಚು ಮಾಡಬೇಕು, ಅದು ‘ಟಾರ್ಗೆಟೆಡ್ ಅಸಿಸ್ಟೆನ್ಸ್’. ನಿಮ್ಮ ಶಾಲೆ ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಸ್ಕೂಲ್‌ವೈಡ್ ಶಾಲೆಯಲ್ಲಿ ಸಾಫ್ಟ್‌ವೇರ್ ಸಂಬಳದ ಮನೆಯ ಮಗುವಿನ ತಂದೆತಾಯಿಯೂ ಟೈಟಲ್ ಒನ್ ಪೋಷಕರೇ. ‘ಇದು ನಮಗಲ್ಲ’ ಎಂದು ಕಾಗದ ಮಡಚಿಡುವುದು ನಮ್ಮವರ ದೊಡ್ಡ ತಪ್ಪು.

ಪೋಷಕರ ವಿಷಯ ಬರುವುದು ಈ ಕಾಯಿದೆಯ ಸೆಕ್ಷನ್ 1116ರಲ್ಲಿ. 2015ರ ಡಿಸೆಂಬರಿನಲ್ಲಿ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ತಿದ್ದುಪಡಿ ಬರುವ ಮುಂಚೆ ಇದು ಸೆಕ್ಷನ್ 1118 ಆಗಿತ್ತು, ಹೆಸರು ‘ಪೇರೆಂಟಲ್ ಇನ್ವಾಲ್ವ್‌ಮೆಂಟ್’. ಈಗ ‘ಪೇರೆಂಟ್ ಅಂಡ್ ಫ್ಯಾಮಿಲಿ ಎಂಗೇಜ್‌ಮೆಂಟ್’ ಆಗಿದೆ. ಜೊತೆಗೆ, ಕಾಯಿದೆಯ ಪ್ರಕಾರ ಪೋಷಕರೆಂದರೆ ಹೆತ್ತವರಷ್ಟೇ ಅಲ್ಲ. ಮಗು ಯಾರ ಜೊತೆ ಇದೆಯೋ, ಹೆತ್ತವರ ಜಾಗದಲ್ಲಿ ನಿಂತು ನೋಡಿಕೊಳ್ಳುವ ಅಜ್ಜಿ, ತಾತ, ಮಲತಂದೆ, ಮಲತಾಯಿ ಕೂಡ ಆ ಪದದೊಳಗೆ ಬರುತ್ತಾರೆ.

ಇಡಬೇಕಾದ ಕಾಗದ ಮೂರು. ಡಿಸ್ಟ್ರಿಕ್ಟಿನ ನೀತಿ ಒಂದು. ನಿಮ್ಮ ಶಾಲೆಯದೇ ನೀತಿ ಇನ್ನೊಂದು. ಶಾಲೆ–ಪೋಷಕರ ಒಡಂಬಡಿಕೆ, ಅಂದರೆ ‘ಕಾಂಪ್ಯಾಕ್ಟ್’, ಮೂರನೆಯದು. ಮೂರೂ ಬೇರೆ ಬೇರೆ. ಡಿಸ್ಟ್ರಿಕ್ಟಿನ ನೀತಿಯನ್ನೇ ಜೆರಾಕ್ಸ್ ಮಾಡಿ ಶಾಲೆಯ ಹೆಸರು ಅಂಟಿಸಿದರೆ ಶಾಲೆಯ ನೀತಿ ಆಗುವುದಿಲ್ಲ. ಈ ಮೂರೂ ಕಾಗದ ಪೋಷಕರ ಜೊತೆ ಕೂತು ರೂಪಿಸಿದ್ದಾಗಿರಬೇಕು, ಎರಡು ನೀತಿಗಳಿಗಂತೂ ಪೋಷಕರ ಒಪ್ಪಿಗೆಯೂ ಬೇಕು. ಇಡೀ ಸೆಕ್ಷನ್ನಿನ ಜೀವ ಇರುವುದು ಈ ಮಾತಿನಲ್ಲಿ. ಪ್ರಿನ್ಸಿಪಾಲ್ ಬರೆದು ‘ನಿಮ್ಮ ಗಮನಕ್ಕೆ’ ಎಂದು ಕಳಿಸಿದ್ದು ಎಷ್ಟೇ ಚೆನ್ನಾಗಿದ್ದರೂ ಕಾಯಿದೆಗೆ ಸಾಲದು.

ಹೇಮಾವತಿ_ತೀರ

ಸರ್, ಇದು ನಮ್ಮೂರಿನ ಎಸ್‌ಡಿಎಂಸಿ ಥರವೇ? ಇಲ್ಲಿ ಪಿಟಿಎ ಅಂತ ಬೇರೆ ಇದೆಯಲ್ಲ, ಅದರ ಅಧ್ಯಕ್ಷೆ ಸಹಿ ಹಾಕಿದರೆ ಪೋಷಕರು ಒಪ್ಪಿದ ಹಾಗೆ ಆಗುತ್ತದೆಯೇ?

ಅಂಗಳ_ಬೇಏರಿಯಾ

ಎಸ್‌ಡಿಎಂಸಿಗೂ ಇದಕ್ಕೂ ಆಶಯ ಒಂದೇ, ಕಟ್ಟಡ ಬೇರೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಸಮಿತಿಯ ರಚನೆಯನ್ನೇ ಹೇಳಿಬಿಡುತ್ತದೆ: ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು, ಹಿಂದುಳಿದ ವರ್ಗದ ಮಕ್ಕಳ ಪೋಷಕರಿಗೆ ಪ್ರಾತಿನಿಧ್ಯ, ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಹೊಣೆ. ಟೈಟಲ್ ಒನ್ ಯಾವ ಸಮಿತಿಯನ್ನೂ ಕಡ್ಡಾಯ ಮಾಡಿಲ್ಲ. ಸಲಹಾ ಮಂಡಳಿ ‘ಬೇಕಿದ್ದರೆ ಮಾಡಬಹುದು’ ಎನ್ನುವ ಪಟ್ಟಿಯಲ್ಲಿದೆ. ಕಡ್ಡಾಯ ಇರುವುದು ಎಲ್ಲ ಪೋಷಕರನ್ನೂ ಕರೆಯುವುದು, ಅವರ ಜೊತೆ ರೂಪಿಸುವುದು, ಎಲ್ಲರಿಗೂ ಹಂಚುವುದು.

ಹಾಗಾಗಿ ಪಿಟಿಎ ಅಧ್ಯಕ್ಷೆಯ ಒಂದು ಸಹಿ ಸಾಲದು. ಪಿಟಿಎ ಎಂದರೆ ಚಂದಾ ಕಟ್ಟಿ ಸದಸ್ಯರಾದವರ ಸಂಘ. ಟಾರ್ಗೆಟೆಡ್ ಶಾಲೆಯಲ್ಲಂತೂ ಪಿಟಿಎ ಪದಾಧಿಕಾರಿಗಳ ಒಂದು ಮಗುವೂ ಟೈಟಲ್ ಒನ್ ನೆರವು ಪಡೆಯದೆ ಇರಬಹುದು. ಆ ನೆರವು ಪಡೆಯುವ ಮಕ್ಕಳ ಪೋಷಕರ ಜೊತೆ ಮಾಡಿದ್ದಾಗಬೇಕು ಎನ್ನುವುದು ನಿಯಮ.

ರಾಜ್ಯದ ಕಾನೂನೇ ಸಮಿತಿ ಬೇಕು ಎಂದರೆ ಅದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಸೈಟ್ ಕೌನ್ಸಿಲ್ ಇದೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಶಾಲೆಯಲ್ಲಿ 21 ಆದರೆ ‘ಈಲ್ಯಾಕ್’, ಡಿಸ್ಟ್ರಿಕ್ಟಿನಲ್ಲಿ 51 ಆದರೆ ‘ಡೀಲ್ಯಾಕ್’ ಎಂಬ ಸಮಿತಿ ಆಗಲೇಬೇಕು. ಕನ್ನಡದ ಮನೆಯವರು ಈಲ್ಯಾಕಿಗೆ ಹೋಗುವುದು ಅಪರೂಪ, ಸ್ಪ್ಯಾನಿಶ್ ಮಾತನಾಡುವವರಿಗೆ ಮಾತ್ರ ಎಂಬ ತಪ್ಪು ಕಲ್ಪನೆ. ಮಗು ಇಂಗ್ಲಿಷ್ ಕಲಿಯುವವರ ಪಟ್ಟಿಯಲ್ಲಿದ್ದರೆ ಅಲ್ಲಿ ನಿಮಗೂ ಅಷ್ಟೇ ಜಾಗ ಇದೆ.

ಲೆಕ್ಕಪತ್ರ

ಹಣದ ಭಾಗ ನಾನು ಬರೆಯುತ್ತೇನೆ. ಪೋಷಕರು ಅತಿ ಕಡಿಮೆ ಕೇಳುವುದು ಇದನ್ನೇ, ಶಾಲೆಗಳು ಅತಿ ಹೆಚ್ಚು ಎಡವುವುದೂ ಇಲ್ಲೇ.

ಡಿಸ್ಟ್ರಿಕ್ಟಿಗೆ ಬರುವ ಟೈಟಲ್ ಒನ್ ಹಣ 5 ಲಕ್ಷ ಡಾಲರ್ ದಾಟಿದರೆ ಅದರಲ್ಲಿ ಕನಿಷ್ಠ ಶೇ. 1 ಭಾಗವನ್ನು ಕುಟುಂಬಗಳ ಪಾಲ್ಗೊಳ್ಳುವಿಕೆಗೆಂದೇ ಎತ್ತಿಡಬೇಕು. 5 ಲಕ್ಷ ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಣ ಎತ್ತಿಡುವ ಕಡ್ಡಾಯವಷ್ಟೇ ಇಲ್ಲ. ನೀತಿ, ಸಭೆ, ಒಡಂಬಡಿಕೆ ಎಲ್ಲವೂ ಆಗಲೂ ಬೇಕೇ ಬೇಕು. ‘ನಮ್ಮದು ಸಣ್ಣ ಡಿಸ್ಟ್ರಿಕ್ಟ್, ನಮಗೆ 1116 ಅನ್ವಯಿಸುವುದಿಲ್ಲ’ ಎನ್ನುವವರು ಈ ಎರಡನ್ನೂ ಕಲಸಿಬಿಡುತ್ತಾರೆ.

ಒಂದು ಲೆಕ್ಕ ನೋಡೋಣ. ಡಿಸ್ಟ್ರಿಕ್ಟಿಗೆ 30 ಲಕ್ಷ ಡಾಲರ್ ಬಂತು ಎಂದುಕೊಳ್ಳಿ. ಶೇ. 1 ಎಂದರೆ 30,000. ಆ ಪ್ರದೇಶದ ಖಾಸಗಿ ಶಾಲೆಗಳಲ್ಲಿ ಓದುವ ಅರ್ಹ ಮಕ್ಕಳಿಗೂ ಟೈಟಲ್ ಒನ್ನಿನಲ್ಲಿ ಪಾಲುಂಟು. ಆ ಪಾಲು ಶೇ. 4 ಆದರೆ 1,20,000 ಡಾಲರ್, ಅದರ ಶೇ. 1, ಅಂದರೆ 1,200 ಡಾಲರ್, ಆ ಮಕ್ಕಳ ಪೋಷಕರಿಗೆ. ಉಳಿದದ್ದು 28,800. ಇದರಲ್ಲಿ ಕನಿಷ್ಠ ಶೇ. 90 ಶಾಲೆಗಳಿಗೇ ಇಳಿಯಬೇಕು, ಹೆಚ್ಚು ಅಗತ್ಯವಿರುವ ಶಾಲೆಗಳಿಗೆ ಆದ್ಯತೆ ಕೊಟ್ಟು. ಅಂದರೆ 25,920 ಡಾಲರ್ ಶಾಲೆಗಳಿಗೆ, ಡಿಸ್ಟ್ರಿಕ್ಟ್ ಕಚೇರಿ ಇಟ್ಟುಕೊಳ್ಳಬಹುದಾದದ್ದು ಹೆಚ್ಚೆಂದರೆ 2,880. ಎಂಟು ಶಾಲೆ ಇದ್ದರೆ ಸರಾಸರಿ ತಲಾ 3,240.

ಈ 3,240 ದೊಡ್ಡ ಮೊತ್ತವೇನಲ್ಲ, ಆದರೆ ಸುಮ್ಮನೆ ಬಿಡುವಷ್ಟು ಚಿಕ್ಕದೂ ಅಲ್ಲ. ವರ್ಷಕ್ಕೆ ನಾಲ್ಕು ಸಂಜೆ ಸಭೆ, ಪ್ರತಿ ಸಭೆಗೆ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು, ಮೂರು ಗಂಟೆ, ಗಂಟೆಗೆ 20 ಡಾಲರ್: 480. ಶಿಕ್ಷಕರು 30 ಮನೆಗಳಿಗೆ ತಲಾ ಒಂದು ಗಂಟೆ ಭೇಟಿ ಕೊಡಲು ಗಂಟೆಗೆ 35ರಂತೆ: 1,050. ಗಣಿತ ಕಾರ್ಯಾಗಾರದಲ್ಲಿ 60 ಕುಟುಂಬಗಳಿಗೆ 15 ಡಾಲರಿನ ಕಲಿಕಾ ಸಾಮಗ್ರಿ: 900. ಇನ್ನೂ 810 ಉಳಿಯಿತು, ವಾಹನ ಇಲ್ಲದವರನ್ನು ಕರೆತರಲು, ಮುದ್ರಣಕ್ಕೆ. ಮಕ್ಕಳ ಆರೈಕೆ, ಸಾರಿಗೆ, ಮನೆ ಭೇಟಿ ಮೂರಕ್ಕೂ ಈ ಹಣ ಬಳಸಬಹುದು ಎಂದು ಕಾಯಿದೆಯಲ್ಲೇ ಇದೆ.

ಪೋಷಕರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇಷ್ಟು: ಎತ್ತಿಟ್ಟ ಹಣವನ್ನು ಹೇಗೆ ಹಂಚಬೇಕು ಎಂಬ ತೀರ್ಮಾನದಲ್ಲಿ ಪೋಷಕರು ಇರಬೇಕು. ಖರ್ಚಾದ ಮೇಲೆ ಪಟ್ಟಿ ತೋರಿಸಿದರೆ ಅದು ಪಾಲ್ಗೊಳ್ಳುವಿಕೆ ಅಲ್ಲ. ಬಜೆಟ್ ರೂಪಿಸುವುದು ಸಾಮಾನ್ಯವಾಗಿ ಹಿಂದಿನ ವಸಂತದಲ್ಲಿ, ಮಾರ್ಚ್‌ನಿಂದ ಮೇ ಒಳಗೆ. ಸೆಪ್ಟೆಂಬರಿನಲ್ಲಿ ಹೋಗಿ ಕೇಳಿದರೆ ಎಲ್ಲ ಮುಗಿದಿರುತ್ತದೆ.

ಕರಾವಳಿ_ಎಡಿಸನ್

ಈ ಹಣದಲ್ಲಿ ಪಿಜ್ಜಾ ತರಿಸುವುದು ಸರಿಯೇ? ಸಭೆಗೆ ಬಂದವರಿಗೆ ಲಾಟರಿ ಎತ್ತಿ ಗಿಫ್ಟ್ ಕಾರ್ಡ್ ಕೊಡುವುದೂ ಕೆಲವು ಕಡೆ ಉಂಟು.

ಲೆಕ್ಕಪತ್ರ

ಗಿಫ್ಟ್ ಕಾರ್ಡ್, ಲಾಟರಿ ಬಹುಮಾನ, ಶಾಲೆಯ ಹೆಸರು ಅಚ್ಚಾದ ಟೀ ಶರ್ಟ್, ಸಿನಿಮಾ ಸಂಜೆ ಇವಕ್ಕೆ ಫೆಡರಲ್ ಹಣ ಮುಟ್ಟಬಾರದು. ಮನರಂಜನೆ, ಪ್ರಚಾರದ ಉಡುಗೊರೆ ಎರಡೂ ಫೆಡರಲ್ ಅನುದಾನದ ವೆಚ್ಚ ನಿಯಮಗಳ ಹೊರಗೆ. ಪಿಟಿಎ ತನ್ನ ದುಡ್ಡಿನಲ್ಲಿ ಕೊಟ್ಟರೆ ಅದು ಅವರಿಷ್ಟ.

ತಿಂಡಿಯ ವಿಷಯದಲ್ಲಿ ಅಳತೆಗೋಲು ‘ಅಗತ್ಯವೇ, ಮಿತವೇ’ ಎನ್ನುವುದು. ಸಂಜೆ 5:30ಕ್ಕೆ ಕೆಲಸದಿಂದ ನೇರ ಬರುವ ಪೋಷಕರಿಗೆ ಎರಡು ಗಂಟೆಯ ಕಾರ್ಯಾಗಾರವಿದ್ದು, ಹಗುರ ತಿಂಡಿ ಕೊಟ್ಟರೆ ಸಮರ್ಥಿಸಿಕೊಳ್ಳಬಹುದು. ಅದಕ್ಕೆ ಅಜೆಂಡಾ, ಹಾಜರಿ ಹಾಳೆ, ಬಿಲ್ ಮೂರೂ ಒಟ್ಟಿಗಿರಬೇಕು. 22 ಜನ ಸಹಿ ಮಾಡಿದ ಸಭೆಗೆ 90 ಜನರ ಊಟದ ಬಿಲ್ ಇದ್ದರೆ ತಪಾಸಣೆಗೆ ಬಂದವರು ಅಲ್ಲೇ ನಿಲ್ಲುತ್ತಾರೆ. ಕೆಲವು ರಾಜ್ಯ, ಡಿಸ್ಟ್ರಿಕ್ಟ್‌ಗಳ ನಿಯಮ ಇದಕ್ಕಿಂತ ಬಿಗಿ, ಮೊದಲೇ ಕೇಳಿಕೊಳ್ಳಿ.

ತುಂಗಾ_ತೀರದವರು

ಒಡಂಬಡಿಕೆಗೆ ಸಹಿ ಹಾಕಬಾರದು ಎಂದು ಈ ವೇದಿಕೆಯಲ್ಲಿ ಹಿಂದೆ ಒಬ್ಬರು ಬರೆದಿದ್ದರು. ‘ಮಗು ಹಿಂದೆ ಬಿದ್ದರೆ ನೀವು ಸಹಿ ಹಾಕಿದ್ದೀರಲ್ಲ ಎಂದು ಶಾಲೆ ನಮ್ಮ ಮೇಲೆ ಹಾಕುತ್ತದೆ’ ಎನ್ನುವುದು ಅವರ ವಾದ. ನನಗೂ ಅದು ಸರಿ ಅನ್ನಿಸುತ್ತದೆ.

ಮಲೆನಾಡು_ಡಲ್ಲಾಸ್

ಇದನ್ನು ಒಪ್ಪಲಾರೆ. ಫೆಡರಲ್ ಕಾಯಿದೆ ಒಡಂಬಡಿಕೆಗೆ ಸಹಿಯನ್ನೇ ಕೇಳುವುದಿಲ್ಲ. ಹಾಕದಿದ್ದರೆ ಶಿಕ್ಷೆ ಇಲ್ಲ, ಮಗುವಿಗೆ ಸಿಗುವ ನೆರವು ನಿಲ್ಲುವುದಿಲ್ಲ. ಹಾಕಿದರೂ ಅದು ಕೋರ್ಟಿಗೆ ಹೋಗುವ ಕರಾರಲ್ಲ. ಸಹಿಯ ಗದ್ದಲದಲ್ಲಿ ಕಾಗದದೊಳಗೆ ಏನಿದೆ ಎಂದು ನೋಡುವುದೇ ತಪ್ಪಿಹೋಗುತ್ತದೆ.

ಒಡಂಬಡಿಕೆಯಲ್ಲಿ ಶಾಲೆ, ಪೋಷಕರು, ವಿದ್ಯಾರ್ಥಿ ಮೂವರ ಪಾಲಿನ ಹೊಣೆಯೂ ಇರಬೇಕು. ಮೊದಲನೆಯದು ಶಾಲೆಯ ಹೊಣೆ. ಅದರ ಜೊತೆ ಸಂಪರ್ಕದ ವ್ಯವಸ್ಥೆ ಬರೆಯಲೇಬೇಕು: ಪ್ರಾಥಮಿಕ ಶಾಲೆಯಾದರೆ ವರ್ಷಕ್ಕೆ ಒಮ್ಮೆಯಾದರೂ ಶಿಕ್ಷಕ–ಪೋಷಕ ಭೇಟಿ ನಡೆದು, ಈ ಒಡಂಬಡಿಕೆಯನ್ನೇ ಮುಂದಿಟ್ಟುಕೊಂಡು ನಿಮ್ಮ ಮಗುವಿನ ಕಲಿಕೆ ಮಾತನಾಡಬೇಕು; ಪ್ರಗತಿಯ ವರದಿ ಆಗಾಗ ಬರಬೇಕು; ಶಿಕ್ಷಕರನ್ನು ಕಾಣಲು, ತರಗತಿಯಲ್ಲಿ ಸ್ವಯಂಸೇವೆ ಮಾಡಲು, ಪಾಠ ನೋಡಲು ಅವಕಾಶ ಇರಬೇಕು; ಮಾತುಕತೆ ಎರಡೂ ಕಡೆಯಿಂದ, ಸಾಧ್ಯವಾದಷ್ಟು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ನಡೆಯಬೇಕು. ಪೋಷಕರ ಪಾಲಿನಲ್ಲಿ ಹತ್ತು ಸಾಲು, ಶಾಲೆಯ ಪಾಲಿನಲ್ಲಿ ‘ಉತ್ತಮ ಶಿಕ್ಷಣ ಕೊಡುತ್ತೇವೆ’ ಎಂಬ ಒಂದೇ ಸಾಲು ಇದ್ದರೆ ಆ ಕಾಗದ ವಾಪಸ್ ಹೋಗಬೇಕು.

ಅಂಗಳ_ಬೇಏರಿಯಾ

ಒಳ್ಳೆಯ ಒಡಂಬಡಿಕೆ ಹೇಗಿರುತ್ತದೆ ಎಂದು ಒಂದು ಸಾಲಿನಲ್ಲೇ ತೋರಿಸಬಹುದು. ಮೂರನೆಯ ತರಗತಿ ಗಣಿತ ತೆಗೆದುಕೊಳ್ಳಿ. ಕಾಮನ್ ಕೋರ್ (ಹಲವು ರಾಜ್ಯಗಳು ಒಪ್ಪಿಕೊಂಡ ಸಮಾನ ಕಲಿಕಾ ಮಟ್ಟ) ಬಳಸುವ ರಾಜ್ಯಗಳಲ್ಲಿ ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಒಂದಂಕಿಯ ಗುಣಾಕಾರ ಎಲ್ಲವೂ ಬಾಯಿಗೆ ಬರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂಬತ್ತರವರೆಗಿನ ಮಗ್ಗಿ.

ಸಾಮಾನ್ಯ ಒಡಂಬಡಿಕೆ ಹೇಳುವುದು: ‘ಪೋಷಕರು ಮನೆಗೆಲಸದಲ್ಲಿ ಮಗುವಿಗೆ ನೆರವಾಗುತ್ತಾರೆ.’ ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಲಸಕ್ಕೆ ಬರುವ ಒಡಂಬಡಿಕೆ ಹೀಗಿರುತ್ತದೆ: ‘ಶಿಕ್ಷಕರು ಆ ತಿಂಗಳು ಕಲಿಸುವ ಮಗ್ಗಿಯನ್ನೂ ಅದನ್ನು ಸಾಲು–ಚುಕ್ಕಿ ಚಿತ್ರದಿಂದ ಬಿಡಿಸುವ ಬಗೆಯನ್ನೂ ಒಂದು ಪುಟದಲ್ಲಿ ಬರೆದು ತಿಂಗಳ ಮೊದಲ ಸೋಮವಾರ ಮನೆಗೆ ಕಳಿಸುತ್ತಾರೆ. ಪೋಷಕರು ವಾರಕ್ಕೆ ನಾಲ್ಕು ದಿನ ಐದು ನಿಮಿಷ ಅದನ್ನೇ ಆಡಿಸುತ್ತಾರೆ. ವಿದ್ಯಾರ್ಥಿ ತಾನು ತಪ್ಪಿದ ಮೂರು ಲೆಕ್ಕವನ್ನು ಚೀಟಿಯಲ್ಲಿ ಬರೆದು ಶುಕ್ರವಾರ ತರುತ್ತಾನೆ.’ ಮೂವರಿಗೂ ಕೆಲಸ ಇದೆ, ಆಯಿತೋ ಇಲ್ಲವೋ ಎಂದು ನೋಡಬಹುದು.

ಕನ್ನಡದ ಮನೆಗಳಲ್ಲಿ ಒಂದು ತೊಡಕು ಎದ್ದು ಕಾಣುತ್ತದೆ. ನಾವು ಮಗ್ಗಿಯನ್ನು ರಾಗವಾಗಿ ಕಂಠಪಾಠ ಮಾಡಿಸುತ್ತೇವೆ, ಅಜ್ಜಿ ಇದ್ದರೆ ಇಪ್ಪತ್ತರವರೆಗೂ. ಶಾಲೆ 6×7 ಅನ್ನು 5×7 ಮತ್ತು 1×7 ಎಂದು ಒಡೆದು ಕೂಡಿಸುವುದನ್ನು ಕಲಿಸುತ್ತದೆ. ಮಗು ಉತ್ತರ ಸರಿ ಬರೆದು ‘ವಿಧಾನ ತೋರಿಸಿಲ್ಲ’ ಎಂದು ಅಂಕ ಕಳೆದುಕೊಂಡಾಗ ಮನೆಯಲ್ಲಿ ಸಿಟ್ಟು ಬರುತ್ತದೆ. ಪಠ್ಯಕ್ರಮ ಏನು, ಪರೀಕ್ಷೆ ಯಾವ ಬಗೆ, ಯಾವ ಮಟ್ಟ ಮುಟ್ಟಬೇಕು ಎಂದು ಪೋಷಕರಿಗೆ ವಿವರಿಸಬೇಕು, ಮನೆಯಲ್ಲಿ ಕಲಿಸಲು ಬೇಕಾದ ಸಾಮಗ್ರಿ, ತರಬೇತಿ ಕೊಡಬೇಕು ಎಂದು 1116 ಹೇಳುವುದು ಇಂಥ ಕಡೆಗೇ. ಇವು ‘ಮಾಡಬಹುದು’ ಪಟ್ಟಿಯಲ್ಲಿಲ್ಲ, ‘ಮಾಡಲೇಬೇಕು’ ಪಟ್ಟಿಯಲ್ಲಿವೆ. ಶಿಕ್ಷಕರಿಗೂ ಪೋಷಕರ ಕೊಡುಗೆಯ ಬೆಲೆ ಏನು, ಅವರ ಜೊತೆ ಹೇಗೆ ಕೆಲಸ ಮಾಡಬೇಕು ಎಂದು ಪೋಷಕರ ನೆರವಿನಿಂದಲೇ ತರಬೇತಿ ಕೊಡಬೇಕು ಎಂಬುದೂ ಅದೇ ಪಟ್ಟಿಯಲ್ಲಿದೆ. ಅಜ್ಜಿಯ ಮಗ್ಗಿಗೂ ತರಗತಿಯ ಚುಕ್ಕಿ ಚಿತ್ರಕ್ಕೂ ಜಗಳ ಇಲ್ಲ ಎಂದು ಶಿಕ್ಷಕರಿಗೂ ಗೊತ್ತಾಗಬೇಕಲ್ಲ.

ತುಂಗಾ_ತೀರದವರು

ಸರಿ, ಸಹಿಯ ವಿಷಯ ಅರ್ಥವಾಯಿತು. ಭಾಷೆಯ ಬಗ್ಗೆ ಹೇಳಿ. ಕನ್ನಡದಲ್ಲಿ ನೀತಿ ಕೊಡಿ ಎಂದು ಕೇಳುವ ಹಕ್ಕು ಇದೆಯೇ?

ಅನುವಾದ_ಮನೆ

ಕೇಳುವ ಹಕ್ಕು ಇದೆ. ಕೇಳಿದ್ದೆಲ್ಲ ಅಚ್ಚಾಗಿ ಬರುತ್ತದೆ ಎಂಬ ಖಾತರಿ ಇಲ್ಲ. 1116ರ ಮಾತು ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ, ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ’ ಎಂದು. ಶಾಲೆಯಲ್ಲಿ ಕನ್ನಡದ ಮೂರು ಮನೆ ಇದ್ದರೆ ಹನ್ನೆರಡು ಪುಟ ಅನುವಾದ ಮಾಡಿಸದೆ ಇರಬಹುದು. ಆದರೆ ಲಿಖಿತ ಅನುವಾದ ಆಗದಿದ್ದರೆ ಬಾಯಿಮಾತಿನಲ್ಲಿ ವಿವರಿಸುವ ದಾರಿ ಇದೆ, ದೂರವಾಣಿ ದುಭಾಷಿಗಳ ಸೇವೆಯಲ್ಲಿ ಕನ್ನಡ ಸಿಗುತ್ತದೆ. ಇದಲ್ಲದೆ ಜನಾಂಗ, ಮೂಲ ದೇಶದ ಕಾರಣಕ್ಕೆ ಭೇದ ಮಾಡಬಾರದು ಎನ್ನುವ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಟೈಟಲ್ 6 ಫೆಡರಲ್ ಹಣ ಪಡೆಯುವ ಎಲ್ಲ ಶಾಲೆಗಳಿಗೂ ಅನ್ವಯಿಸುತ್ತದೆ, ಟೈಟಲ್ ಒನ್ ಇಲ್ಲದಿದ್ದರೂ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಪರ ಬಂದ ಲೌ ವಿರುದ್ಧ ನಿಕೋಲ್ಸ್ ತೀರ್ಪು ನಿಂತಿದ್ದೂ ಅದರ ಮೇಲೆಯೇ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನಿಯಮ ಇನ್ನೂ ಖಚಿತ: ಶಾಲೆಯ ಶೇ. 15 ಅಥವಾ ಹೆಚ್ಚು ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಪೋಷಕರಿಗೆ ಹೋಗುವ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕು. ಕನ್ನಡ ಆ ಮಟ್ಟ ಮುಟ್ಟುವುದು ಕಷ್ಟ, ಹಾಗಾಗಿ ದುಭಾಷಿಯನ್ನೇ ಕೇಳಿ.

ಮೂರು ಕಡೆ ಎಡವಟ್ಟಾಗುತ್ತದೆ. ಮೊದಲನೆಯದು ಶಾಲೆಗೆ ಸೇರಿಸುವಾಗ ತುಂಬುವ ಮನೆಭಾಷೆಯ ಅರ್ಜಿ. ಮಗುವಿಗೆ ಇಂಗ್ಲಿಷ್ ಪರೀಕ್ಷೆ ಬೇಡ ಎಂದು ಎಲ್ಲ ಸಾಲಿನಲ್ಲೂ ‘ಇಂಗ್ಲಿಷ್’ ಎಂದು ಬರೆಯುವವರಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಎಷ್ಟೋ ಅರ್ಜಿಗಳಲ್ಲಿ ‘ಮನೆಗೆ ಯಾವ ಭಾಷೆಯಲ್ಲಿ ಮಾಹಿತಿ ಬೇಕು’ ಎಂಬ ಪ್ರಶ್ನೆ ಕೊನೆಯಲ್ಲಿ ಬೇರೆಯಾಗಿಯೇ ಇರುತ್ತದೆ. ಅದು ಪೋಷಕರ ಬಗ್ಗೆ ಇರುವ ಪ್ರಶ್ನೆ, ಮಗುವಿನ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಇಂಗ್ಲಿಷ್ ಬಾರದ ಅಜ್ಜಿಯಾದರೆ ಅಲ್ಲಿ ಕನ್ನಡ ಎಂದೇ ಬರೆಯಿರಿ. ಪಟ್ಟಿಯಲ್ಲಿ ಕನ್ನಡ ಇಲ್ಲದೆ ‘ಇತರೆ’ ಒತ್ತಬೇಕಾಗಿ ಬಂದರೆ ಕಚೇರಿಗೆ ಈಮೇಲ್ ಬರೆದು ಭಾಷೆಯ ಹೆಸರು ದಾಖಲಿಸಿ. ಫೋನಿನಲ್ಲಿ ಹೇಳಿದರೆ ‘ಕೆನಡಾ’ ಎಂದು ಕೇಳಿಸಿಕೊಳ್ಳುವ ಅಪಾಯ ನಿಜವಾಗಿಯೂ ಇದೆ, ಅಕ್ಷರ ಬಿಡಿಸಿ ಬರೆದುಕೊಡಿ.

ಎರಡನೆಯದು ಯಂತ್ರಾನುವಾದ. ‘ಟೈಟಲ್ ಒನ್’ ಎಂಬುದರಲ್ಲಿ ಒಂದನ್ನು ಸೂಚಿಸುವ ರೋಮನ್ ಅಂಕಿ ಇಂಗ್ಲಿಷಿನ ‘ಐ’ ಅಕ್ಷರದ ಹಾಗೇ ಇರುವುದರಿಂದ ಯಂತ್ರ ಅದನ್ನು ‘ಶೀರ್ಷಿಕೆ ನಾನು’ ಎಂದು ಮಾಡಿಬಿಡಬಹುದು. ‘ಎಂಗೇಜ್‌ಮೆಂಟ್’ ನಿಶ್ಚಿತಾರ್ಥ ಆಗಬಹುದು, ‘ಪಾಲಿಸಿ’ ವಿಮೆಯ ಪಾಲಿಸಿಯಂತೆ ಓದಿಸಬಹುದು. ಇಂಥ ಕಾಗದ ಕೈಗೆ ಬಂದ ಅಜ್ಜಿಗೆ ಏನೂ ತಿಳಿಯುವುದಿಲ್ಲ, ಶಾಲೆಯ ಕಡತದಲ್ಲಿ ಮಾತ್ರ ‘ಕನ್ನಡದಲ್ಲಿ ಕೊಡಲಾಗಿದೆ’ ಎಂದು ಇರುತ್ತದೆ. ಯಂತ್ರ ಮಾಡಿದ್ದನ್ನು ಭಾಷೆ ಬಲ್ಲವರು ಓದಿ ತಿದ್ದಿದ್ದಾರೆಯೇ ಎಂದು ಕೇಳಿ.

ಮೂರನೆಯದು ಮಕ್ಕಳನ್ನೇ ದುಭಾಷಿ ಮಾಡುವುದು. ಐದನೆಯ ತರಗತಿಯ ಹುಡುಗಿಯ ಬಾಯಿಂದ ಅವಳದೇ ಅಂಕಗಳ ಮಾತು ಅಮ್ಮನಿಗೆ ಹೇಳಿಸುವುದು ಸರಿಯಲ್ಲ. ಶಾಲೆ ಹಾಗೆ ಮಾಡಿದರೆ ಅಲ್ಲೇ ನಿಲ್ಲಿಸಿ, ದುಭಾಷಿಯನ್ನು ಕೇಳಿ.

ಲೆಕ್ಕಪತ್ರ

ಅನುವಾದದ ಖರ್ಚಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಟೈಟಲ್ ಒನ್ ಹಣ ಇರುವುದು ಮಾಮೂಲಿ ಹಣದ ಮೇಲೆ ಹೆಚ್ಚುವರಿಯಾಗಿ. ನಾಗರಿಕ ಹಕ್ಕು ಕಾಯಿದೆಯಡಿ ಹೇಗೂ ಮಾಡಲೇಬೇಕಾದ ಅನುವಾದ, ಅಂದರೆ ಪ್ರವೇಶದ ಅರ್ಜಿ, ಶಿಸ್ತಿನ ನೋಟಿಸು ಇತ್ಯಾದಿ, ಡಿಸ್ಟ್ರಿಕ್ಟಿನ ಸಾಮಾನ್ಯ ಹಣದಿಂದ ಆಗಬೇಕು. ಟೈಟಲ್ ಒನ್ನಿಗೇ ಸೇರಿದ ನೀತಿ, ಒಡಂಬಡಿಕೆ, ಆ ಸಭೆಯ ದುಭಾಷಿ ಇವಕ್ಕೆ ಮಾತ್ರ ಈ ಹಣ. ಎಲ್ಲವನ್ನೂ ಶೇ. 1ರ ತಲೆಗೆ ಕಟ್ಟಿದರೆ ಮಕ್ಕಳ ಆರೈಕೆಗೂ ಮನೆ ಭೇಟಿಗೂ ಏನೂ ಉಳಿಯುವುದಿಲ್ಲ.

ಹೇಮಾವತಿ_ತೀರ

ಟೈಟಲ್ ಒನ್ ಶಾಲೆ ಪ್ರತಿ ವರ್ಷ ಪೋಷಕರಿಗಾಗಿ ಕರೆಯಬೇಕಾದ ವಾರ್ಷಿಕ ಸಭೆ ಎಂದರೆ ‘ಬ್ಯಾಕ್ ಟು ಸ್ಕೂಲ್ ನೈಟ್’ ದಿನ ಹತ್ತು ನಿಮಿಷ ಸ್ಲೈಡ್ ತೋರಿಸುತ್ತಾರಲ್ಲ, ಅದೇನಾ ಮೇಡಂ?

ಅಂಗಳ_ಬೇಏರಿಯಾ

ಅದೇ ದಿನ ಮಾಡಬಾರದು ಎಂದೇನಿಲ್ಲ. ಆದರೆ ಆಹ್ವಾನ ಪತ್ರದಲ್ಲಿ ‘ಟೈಟಲ್ ಒನ್ ವಾರ್ಷಿಕ ಸಭೆ’ ಎಂದು ಬರೆದಿರಬೇಕು, ಅಜೆಂಡಾದಲ್ಲಿ ಬೇರೆ ಹೊತ್ತು ನಿಗದಿಯಾಗಿರಬೇಕು, ಹಾಜರಿ ಹಾಳೆ ಬೇರೆ ಇರಬೇಕು. ಸಭೆಯಲ್ಲಿ ಮೂರು ವಿಷಯ ಹೇಳಲೇಬೇಕು: ಈ ಶಾಲೆ ಟೈಟಲ್ ಒನ್ನಿನಲ್ಲಿದೆ ಎಂದು, ಅದರ ನಿಯಮಗಳೇನು ಎಂದು, ಪಾಲ್ಗೊಳ್ಳುವ ಹಕ್ಕು ನಿಮಗಿದೆ ಎಂದು. ಮೂರನೆಯದನ್ನು ಬಿಟ್ಟುಬಿಡುವುದು ಬಹಳ ಕಡೆ ರೂಢಿ.

ಇದೊಂದೇ ಸಭೆ ಸಾಲದು. ಬೆಳಿಗ್ಗೆ, ಸಂಜೆ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಸಭೆಗಳಿರಬೇಕು. ಪೋಷಕರು ಕೇಳಿದರೆ ಸಲಹೆ ಕೊಡಲು, ತೀರ್ಮಾನದಲ್ಲಿ ಸೇರಲು ಕ್ರಮವಾಗಿ ಸಭೆ ಕರೆಯಬೇಕು, ಸಲಹೆಗೆ ಆದಷ್ಟು ಬೇಗ ಉತ್ತರ ಕೊಡಬೇಕು. ರಾತ್ರಿ ಪಾಳಿಯವರು, ಕಾರು ಒಂದೇ ಇರುವ ಮನೆಯವರು, ಕೈಗೂಸಿನ ತಾಯಂದಿರು ಯಾಕೆ ಬರಲಿಲ್ಲ ಎಂಬುದು ಡಿಸ್ಟ್ರಿಕ್ಟ್ ವರ್ಷಕ್ಕೊಮ್ಮೆ ಪೋಷಕರ ಜೊತೆ ಕೂತು ನೀತಿಯನ್ನು ಅಳೆಯುವಾಗ ಲೆಕ್ಕಕ್ಕೆ ಬರಬೇಕು. ಈ ವಾರ್ಷಿಕ ಮೌಲ್ಯಮಾಪನ ಕಡ್ಡಾಯ. ಬಡತನ, ಅಂಗವಿಕಲತೆ, ಇಂಗ್ಲಿಷ್ ಬಾರದಿರುವುದು, ಓದುಬರಹದ ಕೊರತೆ, ಅಲ್ಪಸಂಖ್ಯಾತ ಹಿನ್ನೆಲೆ ಇವುಗಳಿಂದ ಬರುವ ಅಡ್ಡಿಗಳನ್ನು ಹೆಸರಿಟ್ಟು ಗುರುತಿಸಬೇಕು ಎಂದು ಕಾಯಿದೆ ಹೇಳುತ್ತದೆ. ‘ಸಭೆ ಚೆನ್ನಾಗಿತ್ತೇ: ಹೌದು / ಇಲ್ಲ’ ಎಂಬ ಆನ್‌ಲೈನ್ ಸಮೀಕ್ಷೆ ಮೌಲ್ಯಮಾಪನ ಅಲ್ಲ.

ಮಲೆನಾಡು_ಡಲ್ಲಾಸ್

ನೀತಿ ಹಳಸಿದೆಯೇ ಎಂದು ಎರಡು ನಿಮಿಷದಲ್ಲಿ ಪತ್ತೆ ಮಾಡಬಹುದು. ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ (ಕಾಯಿದೆಯ ಹಿಂದಿನ ರೂಪದ ಹೆಸರು), ‘ಸೆಕ್ಷನ್ 1118’, ‘ಎವೈಪಿ’ (ಆಗ ಶಾಲೆಗಳು ಮುಟ್ಟಬೇಕಿದ್ದ ವಾರ್ಷಿಕ ಪ್ರಗತಿಯ ಗುರಿ) ಈ ಮೂರರಲ್ಲಿ ಯಾವುದಾದರೂ ಕಂಡರೆ ಅದು 2015ಕ್ಕಿಂತ ಹಿಂದಿನ ಕಾಗದ, ಮೇಲಿನ ವರ್ಷ ಮಾತ್ರ ಬದಲಾಗಿದೆ. ಮಧ್ಯದಲ್ಲೆಲ್ಲೋ ಬೇರೆ ಶಾಲೆಯ ಹೆಸರು ಉಳಿದಿದ್ದರೆ ಮಾದರಿ ಪ್ರತಿಯನ್ನು ಓದದೆ ಬಳಸಿದ್ದಾರೆ. ತಾರೀಖು ನೋಡಿ: ನೀತಿಗೆ ಆಗಸ್ಟ್ 10ರ ದಿನಾಂಕ, ಪೋಷಕರ ಸಭೆ ಸೆಪ್ಟೆಂಬರ್ 20ಕ್ಕೆ ಆಗಿದ್ದರೆ ಯಾವ ಪೋಷಕರ ಜೊತೆ ರೂಪಿಸಿದರು? ಹಿಂದಿನ ಮೇ ತಿಂಗಳಲ್ಲಿ ಸಭೆ ನಡೆದಿದ್ದರೆ ಅದು ಸರಿಯಾದ ಉತ್ತರ, ಆ ಸಭೆಯ ನಡಾವಳಿ ಕೇಳಿ.

ನಡಾವಳಿಯಲ್ಲಿ ಹುಡುಕಬೇಕಾದದ್ದು ಒಂದೇ. ಪೋಷಕರು ಏನು ಹೇಳಿದರು, ಅದರಿಂದ ಯಾವ ಸಾಲು ಬದಲಾಯಿತು, ಬದಲಾಗದಿದ್ದರೆ ಯಾಕೆ. ‘ನೀತಿಯನ್ನು ಓದಲಾಯಿತು, ಎಲ್ಲರೂ ಒಪ್ಪಿದರು’ ಎಂಬ ಒಂದು ಸಾಲಿನ ನಡಾವಳಿ ತಪಾಸಣೆಯಲ್ಲೂ ನಿಲ್ಲುವುದಿಲ್ಲ.

ಕರಾವಳಿ_ಎಡಿಸನ್

ಒಪ್ಪದಿದ್ದರೆ? ದೂರು ಕೊಟ್ಟರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ ಎಂಬ ಹೆದರಿಕೆ ನಮ್ಮವರಲ್ಲಿ ಬಹಳ. ವೀಸಾದ ಅಳುಕು ಬೇರೆ.

ಅನುವಾದ_ಮನೆ

ಅಳುಕು ಅರ್ಥವಾಗುತ್ತದೆ. ಅದಕ್ಕೇ ದೂರಿಗಿಂತ ಮೊದಲಿನ ಮೆಟ್ಟಿಲು ಬಳಸಿ, ಅದನ್ನೂ ಕಾಯಿದೆಯೇ ಕೊಟ್ಟಿದೆ. ಸ್ಕೂಲ್‌ವೈಡ್ ಯೋಜನೆ ಪೋಷಕರಿಗೆ ತೃಪ್ತಿ ತರದಿದ್ದರೆ ಅವರ ಲಿಖಿತ ಅಭಿಪ್ರಾಯವನ್ನು ಯೋಜನೆಯ ಜೊತೆಗೇ ಲಗತ್ತಿಸಿ ಡಿಸ್ಟ್ರಿಕ್ಟಿಗೆ ಕೊಡಬೇಕು. ಡಿಸ್ಟ್ರಿಕ್ಟಿನ ಯೋಜನೆ ಒಪ್ಪಿಗೆಯಾಗದಿದ್ದರೆ ಅಭಿಪ್ರಾಯ ರಾಜ್ಯಕ್ಕೆ ಹೋಗಬೇಕು. ಇದು ದೂರಲ್ಲ, ದಾಖಲೆ. ಇಬ್ಬರು ಮೂವರು ಪೋಷಕರು ಸೇರಿ ಬರೆದರೆ ಒಬ್ಬರ ಮೇಲೆ ಕಣ್ಣು ಬೀಳುವುದಿಲ್ಲ. ಅಲ್ಲಿಗೂ ಆಗದಿದ್ದರೆ ಟೈಟಲ್ ಒನ್ ದೂರಿಗೆ ರಾಜ್ಯಗಳು ಲಿಖಿತ ವಿಧಾನ ಇಟ್ಟಿರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ‘ಯೂನಿಫಾರ್ಮ್ ಕಂಪ್ಲೇಂಟ್ ಪ್ರೊಸೀಜರ್’, ಡಿಸ್ಟ್ರಿಕ್ಟ್ 60 ದಿನದೊಳಗೆ ತನಿಖೆ ಮುಗಿಸಿ ಬರೆದು ತಿಳಿಸಬೇಕು. ವೀಸಾದ ವಿಷಯ: 1982ರ ಪ್ಲೈಲರ್ ವಿರುದ್ಧ ಡೋ ತೀರ್ಪಿನ ಪ್ರಕಾರ ವಲಸೆ ಸ್ಥಿತಿಯ ಕಾರಣಕ್ಕೆ ಮಗುವಿಗೆ ಸಾರ್ವಜನಿಕ ಶಾಲೆ ನಿರಾಕರಿಸುವಂತಿಲ್ಲ. 1116ರ ಹಕ್ಕಿಗೂ ವೀಸಾಕ್ಕೂ ಗಂಟು ಹಾಕಿಲ್ಲ.

ತರಗತಿಯಲ್ಲಿ ಸ್ವಯಂಸೇವೆ ಮಾಡಲು ಹಿನ್ನೆಲೆ ಪರಿಶೀಲನೆಯ ಅರ್ಜಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳಬಹುದು. ಎಚ್-4 (ಅವಲಂಬಿತರ ವೀಸಾ) ಮೇಲಿರುವವರಲ್ಲಿ ಅದು ಇಲ್ಲದಿದ್ದರೆ ಅಲ್ಲಿಗೇ ಬಿಡಬೇಡಿ, ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆಯೇ ಎಂದು ಕಚೇರಿಯಲ್ಲಿ ಕೇಳಿ.

ಮಲೆನಾಡು_ಡಲ್ಲಾಸ್

ಪ್ರಿನ್ಸಿಪಾಲರಿಗೆ ಬರೆಯಬೇಕಾದ ಪತ್ರದ ಒಕ್ಕಣೆ ಇಲ್ಲಿ ಹಾಕುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದೇ ಕ್ರಮದಲ್ಲಿ ಬರೆದುಕೊಳ್ಳಿ, ಅರ್ಧ ಪುಟ ದಾಟಬೇಡಿ.

‘ನಮ್ಮ ಮಗು ನಿಮ್ಮ ಶಾಲೆಯ ಮೂರನೆಯ ತರಗತಿಯಲ್ಲಿದೆ. ಈ ವರ್ಷದ ಶಾಲಾ ನೀತಿ, ಶಾಲೆ–ಪೋಷಕರ ಒಡಂಬಡಿಕೆ, ಅವನ್ನು ರೂಪಿಸಿದ ಸಭೆಯ ನಡಾವಳಿ ದಯವಿಟ್ಟು ಕಳಿಸಿ. ಕುಟುಂಬಗಳ ಪಾಲ್ಗೊಳ್ಳುವಿಕೆಗೆ ಈ ಶಾಲೆಗೆ ಎಷ್ಟು ಹಣ ಬಂದಿದೆ, ಮುಂದಿನ ವರ್ಷದ ಹಂಚಿಕೆ ಚರ್ಚಿಸುವ ಸಭೆ ಯಾವಾಗ ಎಂದು ತಿಳಿಸಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ, ಸಭೆಗೆ ಕನ್ನಡ ದುಭಾಷಿ ಬೇಕು. ಮಗುವಿನ ಶಿಕ್ಷಕರ ಅರ್ಹತೆಯ ವಿವರವನ್ನೂ ಕೋರುತ್ತೇವೆ.’

ಕೊನೆಯ ಸಾಲು ಸೆಕ್ಷನ್ 1112ರಿಂದ ಬಂದದ್ದು. ಶಿಕ್ಷಕರಿಗೆ ರಾಜ್ಯದ ಪರವಾನಗಿ ಇದೆಯೇ, ತಾತ್ಕಾಲಿಕವೇ, ಯಾವ ವಿಷಯದಲ್ಲಿ ಎಂದು ಕೇಳಬಹುದು ಎಂಬ ನೋಟಿಸು ಪ್ರತಿ ವರ್ಷದ ಆರಂಭದಲ್ಲಿ ಬರಬೇಕು. ಅರ್ಹತೆ ಇಲ್ಲದವರು ಸತತ ನಾಲ್ಕು ವಾರ ಅಥವಾ ಹೆಚ್ಚು ಪಾಠ ಮಾಡಿದರೆ ನೀವು ಕೇಳದಿದ್ದರೂ ಟೈಟಲ್ ಒನ್ ಶಾಲೆ ತಿಳಿಸಬೇಕು. ಮಗುವನ್ನು ಇಂಗ್ಲಿಷ್ ಕಲಿಕೆಯ ವಿಶೇಷ ತರಗತಿಗೆ ಹಾಕಿದ್ದರೆ ವರ್ಷ ಶುರುವಾದ 30 ದಿನದೊಳಗೆ, ನಡುವೆ ಸೇರಿದ ಮಗುವಾದರೆ ಆ ತರಗತಿಗೆ ಹಾಕಿದ ಎರಡು ವಾರದೊಳಗೆ, ಕಾರಣ, ಮಟ್ಟ, ಹೊರಬರುವ ಬಗೆ, ಬೇಡ ಎನ್ನುವ ನಿಮ್ಮ ಹಕ್ಕು ಎಲ್ಲವನ್ನೂ ಬರೆದು ತಿಳಿಸಬೇಕು.

ಹೇಮಾವತಿ_ತೀರ

ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗೂ ಇದೆಲ್ಲ ಇದೆಯೇ? ಅಲ್ಲಿ ಡಿಸ್ಟ್ರಿಕ್ಟ್ ಎಂಬುದೇ ಇಲ್ಲವಲ್ಲ.

ಲೆಕ್ಕಪತ್ರ

ಟೈಟಲ್ ಒನ್ ಹಣ ಬರುತ್ತಿದ್ದರೆ ಇದೆ. ಎಷ್ಟೋ ರಾಜ್ಯಗಳಲ್ಲಿ ಚಾರ್ಟರ್ ಶಾಲೆ ತಾನೇ ಒಂದು ಡಿಸ್ಟ್ರಿಕ್ಟ್ ಎಂದು ಲೆಕ್ಕ. ಅಂಥ ಶಾಲೆ ಡಿಸ್ಟ್ರಿಕ್ಟ್ ಮಟ್ಟದ ಹೊಣೆಯನ್ನೂ ಶಾಲೆಯ ಮಟ್ಟದ ಹೊಣೆಯನ್ನೂ ಎರಡನ್ನೂ ಹೊರಬೇಕು. ನಿಮ್ಮ ಪತ್ರದಲ್ಲಿ ‘ಎರಡೂ ನೀತಿ ಕಳಿಸಿ’ ಎಂದು ಬರೆಯಿರಿ.